ಬೀದಿಯ ಖರ್ಚು ಯಾರ ಬಾಬ್ತು: ಮಲೆನಾಡಿನ ಮೂರು ಊರುಗಳ ಲೆಕ್ಕ

ಬೀದಿಗೆ ಜಲ್ಲಿ ಬಿದ್ದು ಡಾಂಬರಾದರೆ, ಚರಂಡಿಗೆ ಕಲ್ಲು ಕಟ್ಟಿದರೆ, ಮೂಲೆಗೊಂದು ದೀಪದ ಕಂಬ ನಿಂತರೆ ಅನುಕೂಲ ಊರಿಗೆಲ್ಲ. ಆದರೆ ಆ ಬೀದಿಯ ಎರಡು ಬದಿಯ ಮನೆ, ಅಂಗಡಿ, ಖಾಲಿ ಜಾಗಗಳ ಮಾಲೀಕರಿಗೆ ಅನುಕೂಲದ ಜೊತೆಗೆ ಜಾಗದ ಬೆಲೆಯೂ ಏರುತ್ತದೆ. ಹೀಗಾಗಿ ಬೀದಿಯ ಖರ್ಚಿನಲ್ಲಿ ಒಂದು ಪಾಲನ್ನು ಅವರಿಂದಲೇ ಪಡೆಯಬೇಕೆಂಬ ವಾದ ಹಳೆಯದು. ಅದನ್ನು ಪಡೆಯುವ ದಾರಿ ಎರಡು. ಆದ ಖರ್ಚನ್ನು ಬೀದಿಗೆ ಮುಖವಿರುವ ಜಾಗಗಳಿಗೆ ಹಂಚುವುದು ಒಂದು. ಏರಿದ ಬೆಲೆಯಲ್ಲಿ ಪಾಲು ಕೇಳುವುದು ಇನ್ನೊಂದು. ಕರ್ನಾಟಕದ ಕಾಯಿದೆಗಳಲ್ಲಿ ಎರಡಕ್ಕೂ ಜಾಗವಿದೆ. ಆದರೂ ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ಊರುಗಳಲ್ಲಿ ಹಳೆಯ ಬೀದಿಗಳ ಖರ್ಚು ಹೆಚ್ಚಾಗಿ ಬೇರೆ ಬಾಬ್ತಿನಿಂದಲೇ ಬಂತು. ಮಾಲೀಕನ ಪಾಲಿನ ಲೆಕ್ಕ ತಡವಾಗಿ ಶುರುವಾಯಿತು, ಶುರುವಾದಾಗ ಅದು ಬಿದ್ದದ್ದು ಊರಂಚಿಗೆ ಹೊಸದಾಗಿ ಬಂದವರ ಮೇಲೆ.

ಮಲೆನಾಡಿನಲ್ಲಿ ರಸ್ತೆಗೆಂದು ಹಣ ಕೂಡಿಸುವ ಕ್ರಮ ಮೊದಲು ಬಂದದ್ದು ಊರೊಳಗಿನ ಬೀದಿಗಲ್ಲ, ಘಟ್ಟದ ದಾರಿಗೆ. 1831ರಿಂದ 1881ರವರೆಗಿನ ಕಮಿಷನರುಗಳ ಆಳ್ವಿಕೆಯಲ್ಲಿ ಮೈಸೂರು ಸೀಮೆಯ ಹೆದ್ದಾರಿಗಳು, ಕರಾವಳಿಗೆ ಇಳಿಯುವ ಘಟ್ಟದ ರಸ್ತೆಗಳು ಸರ್ಕಾರದ ಖರ್ಚಿನಲ್ಲಿ ಆದವು. ಹಳ್ಳಿಗಾಡಿನ ಸಣ್ಣ ರಸ್ತೆಗಳಿಗೆ ಸ್ಥಳೀಯ ನಿಧಿಯೊಂದು ಹುಟ್ಟಿತು. ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆ, ಅಂದರೆ ಹದಿನಾರರಲ್ಲಿ ಒಂದು ಪಾಲು, ಸೆಸ್ ಎಂದು ರೈತ ಹೆಚ್ಚಿಗೆ ಕಟ್ಟಬೇಕಾಗಿತ್ತು. 1868ರಲ್ಲಿ ಹೋಬಳಿ ಶಾಲೆಗಳು ಶುರುವಾದಾಗ ಈ ನಿಧಿಯ ಒಂದು ಭಾಗ ಅತ್ತ ಹೋಯಿತು, ಉಳಿದದ್ದು ರಸ್ತೆಗೆ. ಈ ಸೆಸ್ಸಿನ ಗುಣವನ್ನು ಗಮನಿಸಬೇಕು: ರಸ್ತೆ ಯಾರ ತೋಟದ ಮುಂದೆ ಹಾದುಹೋಗುತ್ತದೆ ಎಂಬುದಕ್ಕೂ ಕಟ್ಟುವ ಹಣಕ್ಕೂ ಸಂಬಂಧವಿರಲಿಲ್ಲ. ಕಂದಾಯ ಹೆಚ್ಚು ಇದ್ದವನು ಹೆಚ್ಚು ಕಟ್ಟಿದ, ರಸ್ತೆ ಅವನಿಂದ ಎರಡು ಗುಡ್ಡದ ಆಚೆ ಹೋದರೂ ಸರಿ.

ಹಳ್ಳಿಯೊಳಗಿನ ದಾರಿಯ ಕಥೆ ಬೇರೆ. ಮಲೆನಾಡಿನಲ್ಲಿ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ; ತೋಟಕ್ಕೊಂದು ಮನೆ, ಮನೆಗೊಂದು ದಾರಿ. ಆ ದಾರಿ ಮಾಡಿಕೊಳ್ಳುವುದು, ಮಳೆಗಾಲ ಕಳೆದ ಮೇಲೆ ಕೊರಕಲು ಮುಚ್ಚುವುದು, ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ ಹಾಕುವುದು ಆ ದಾರಿ ಬಳಸುವ ಮನೆಗಳವರ ಪಾಲಿನ ಕೆಲಸ. ಮನೆಗೊಬ್ಬ ಆಳು ಬರಬೇಕು, ಬಾರದವನು ಹಣ ಕೊಡಬೇಕು ಎಂಬ ಕಟ್ಟಳೆ ಕಾಗದದಲ್ಲಿ ಬರೆದದ್ದಲ್ಲ, ಆದರೆ ತಪ್ಪಿಸಿದವನಿಗೆ ಊರಲ್ಲಿ ಮಾತು ತಪ್ಪುತ್ತಿರಲಿಲ್ಲ. ಕೆಲಸದ ಲಾಭ ಪಡೆಯುವವನೇ ಅದರ ಹೊರೆ ಹೊರಬೇಕೆಂಬ ತತ್ವವನ್ನು ಮುನಿಸಿಪಾಲಿಟಿಗಿಂತ ಈ ಕಾಲುದಾರಿಗಳೇ ಹೆಚ್ಚು ನಿಷ್ಠೆಯಿಂದ ಪಾಲಿಸಿವೆ ಎನ್ನಬಹುದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯ ಗ್ರಾಮ ಸುಧಾರಣೆ ಯೋಜನೆ ಹಳ್ಳಿಗರ ದುಡಿಮೆ, ವಂತಿಗೆಗಳನ್ನು ನೆಚ್ಚಿಕೊಂಡದ್ದಕ್ಕೆ ಈ ಹಳೆಯ ರೂಢಿಯೇ ಆಧಾರ.

ಪೇಟೆಯ ಬೀದಿಗೆ ಬೇರೆ ವ್ಯವಸ್ಥೆ ಬೇಕಾಯಿತು. ಬೆಂಗಳೂರು, ಮೈಸೂರುಗಳಲ್ಲಿ 1862ರಲ್ಲಿ ಮುನಿಸಿಪಲ್ ಸಮಿತಿಗಳು ಆರಂಭವಾದವು. ಮುಂದಿನ ದಶಕಗಳಲ್ಲಿ ಜಿಲ್ಲೆ, ತಾಲ್ಲೂಕು ಕೇಂದ್ರಗಳಿಗೂ ಆ ವ್ಯವಸ್ಥೆ ಹಬ್ಬಿತು. ಸಾಗರ ಆ ಹೊತ್ತಿಗೆ ಅಡಿಕೆ ವ್ಯಾಪಾರದ ಊರು. ಕೆಳದಿ ಅರಸರ ಕಾಲದ ಕೆರೆಯ ಸುತ್ತ ಬೆಳೆದ ಈ ಊರಿನ ಬೆನ್ನೆಲುಬು ಬಿ.ಎಚ್. ರೋಡ್, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ತೀರ್ಥಹಳ್ಳಿ ತುಂಗೆಯ ದಡದ ಕ್ಷೇತ್ರ, ಆಗುಂಬೆ ಘಟ್ಟದ ಬಾಗಿಲು. ಹೊಸನಗರ ಮೂರರಲ್ಲಿ ಚಿಕ್ಕದು, ಹೆಸರೇ ಹೇಳುವಂತೆ ಹೊಸದು. ಬಿದನೂರಿನ ವೈಭವ ಅಳಿದು, ನಗರವೆಂದು ಕರೆಸಿಕೊಂಡ ಆ ಊರು ಬಡವಾದ ಮೇಲೆ, 19ನೇ ಶತಮಾನದ ಕೊನೆಗೆ ತಾಲ್ಲೂಕು ಕಚೇರಿ ಕಲ್ಲೂರುಕಟ್ಟೆಗೆ ಬಂತು, ಕಲ್ಲೂರುಕಟ್ಟೆ ಹೊಸನಗರವಾಯಿತು.

ಇಂಥ ಊರುಗಳಲ್ಲಿ ಬೀದಿ ಎಂದರೆ ಮೊದಲು ಚರಂಡಿ, ಆಮೇಲೆ ರಸ್ತೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಪೇಟೆಗಳಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಹರಿದುಹೋಗಲು ದಾರಿಯಿಲ್ಲದ ಬೀದಿ ಒಂದೇ ಮಳೆಗಾಲಕ್ಕೆ ಹಳ್ಳವಾಗುತ್ತದೆ. ಹಳೆಯ ಪೇಟೆಬೀದಿಯ ಅಂಗಡಿ ಕಿರಿದಾದ ಮುಖ, ಉದ್ದನೆಯ ಹಿತ್ತಿಲು ಇರುವಂಥದ್ದು. ಮುಂದೆ ಜಂಬಿಟ್ಟಿಗೆ ಕಟ್ಟಿದ ಚರಂಡಿ, ಅದರ ಮೇಲೆ ಗಿರಾಕಿ ಕಾಲಿಡಲು ಒಂದು ಚಪ್ಪಡಿ. ಚರಂಡಿ ಸಾರ್ವಜನಿಕರದು, ಚಪ್ಪಡಿ ಅಂಗಡಿಯವನದು. ಮುನಿಸಿಪಲ್ ಕಾಯಿದೆಗಳು ಈ ಚಪ್ಪಡಿಯನ್ನೂ ಬಿಟ್ಟಿಲ್ಲ: ಬೀದಿಯ ಕಡೆಗೆ ಚಾಚಿದ ಮೆಟ್ಟಿಲು, ಸೂರು, ಚರಂಡಿಯ ಮೇಲಿನ ಹಾಸುಗಳಿಗೆಲ್ಲ ಅನುಮತಿ ಬೇಕು. ತೆಗೆ ಎಂದರೆ ಮಾಲೀಕನೇ ತೆಗೆಯಬೇಕು. ತೆಗೆಯದಿದ್ದರೆ ಮುನಿಸಿಪಾಲಿಟಿ ತೆಗೆಸಿ ಖರ್ಚನ್ನು ಅವನಿಂದ ವಸೂಲು ಮಾಡಬಹುದು. ಮನೆಯ ಬಚ್ಚಲ ನೀರನ್ನು ಸಾರ್ವಜನಿಕ ಚರಂಡಿಗೆ ಸೇರಿಸುವ ಕೆಲಸಕ್ಕೂ ಇದೇ ನಿಯಮ. ಬೀದಿಬದಿಯ ಮಾಲೀಕನಿಂದ ಬೀದಿಗಾಗಿ ನೇರ ಹಣ ಕೇಳುವ ಕ್ರಮದ ಅತಿ ಸಣ್ಣ, ಅತಿ ಹಳೆಯ ರೂಪ ಇದು.

ದೊಡ್ಡ ರೂಪ ಇಂಗ್ಲೆಂಡಿನಿಂದ ಬಂತು. ಅಲ್ಲಿಯ 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯಂತೆ ಖಾಸಗಿ ಬೀದಿಯೊಂದು ಸಮತಟ್ಟಾಗಿಲ್ಲದಿದ್ದರೆ, ಕಲ್ಲು ಹಾಸಿಲ್ಲದಿದ್ದರೆ, ಚರಂಡಿ, ದೀಪಗಳಿಲ್ಲದಿದ್ದರೆ ಅದಕ್ಕೆ ಮುಖವಿರುವ ಜಾಗಗಳ ಮಾಲೀಕರಿಗೆ ನೋಟಿಸು ಹೋಗುತ್ತಿತ್ತು. ಅವರು ಮಾಡದಿದ್ದರೆ ಸ್ಥಳೀಯ ಸಂಸ್ಥೆಯೇ ಮಾಡಿ, ಯಾರ ಜಾಗ ಬೀದಿಗೆ ಎಷ್ಟು ಅಡಿ ಮುಖ ಕೊಟ್ಟಿದೆಯೋ ಅದರ ಪ್ರಮಾಣದಲ್ಲಿ ಖರ್ಚು ಹಂಚುತ್ತಿತ್ತು. ಅಡಿ ಲೆಕ್ಕದಲ್ಲಿ ಅನ್ಯಾಯಕ್ಕೂ ಎಡೆಯುಂಟು. ಕಿರಿದಾದ ಮುಖದ ಹಿಂದೆ ದೊಡ್ಡ ಮಳಿಗೆ ಇಟ್ಟುಕೊಂಡವನು ಕಡಿಮೆ ಕಟ್ಟುತ್ತಾನೆ, ಎರಡು ಬೀದಿಗೆ ಮುಖವಿರುವ ಮೂಲೆಮನೆಯ ವಿಧವೆ ಎರಡು ಸಲ ಕಟ್ಟಬೇಕಾಗುತ್ತದೆ. 1892ರ ಇನ್ನೊಂದು ಕಾಯಿದೆ ಅಡಿಯ ಜೊತೆಗೆ ಸಿಗುವ ಪ್ರಯೋಜನದ ಹೆಚ್ಚುಕಡಿಮೆಯನ್ನೂ ಗಮನಕ್ಕೆ ತೆಗೆದುಕೊಳ್ಳಲು ಅವಕಾಶ ಕೊಟ್ಟದ್ದು ಈ ದೋಷಕ್ಕಾಗಿಯೇ. ಮುಂಬಯಿ ಪ್ರಾಂತದ 1901ರ ಜಿಲ್ಲಾ ಮುನಿಸಿಪಲ್ ಕಾಯಿದೆಯಂಥವುಗಳ ಮೂಲಕ ಖಾಸಗಿ ಬೀದಿಯ ಈ ನಿಯಮ ಭಾರತಕ್ಕೆ ಬಂತು.

ಏರಿದ ಬೆಲೆಯಲ್ಲಿ ಪಾಲು ಕೇಳುವ ಇನ್ನೊಂದು ದಾರಿ ನಗರ ಸುಧಾರಣಾ ಮಂಡಳಿಗಳ ಜೊತೆ ಬೆಳೆಯಿತು. 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಇಕ್ಕಟ್ಟಾದ ಗಲ್ಲಿಗಳನ್ನು ಒಡೆದು ಗಾಳಿ ಬೆಳಕಿನ ಬೀದಿ ಮಾಡುವುದು ಜೀವದ ಪ್ರಶ್ನೆಯಾಯಿತು. 1898ರಲ್ಲಿ ಮುಂಬಯಿ, 1903ರಲ್ಲಿ ಮೈಸೂರು ನಗರ ಸುಧಾರಣಾ ಮಂಡಳಿಗಳು ಹುಟ್ಟಿದವು. ಬೆಂಗಳೂರಿನದು 1945ರದು. ಅದರ ಉತ್ತರಾಧಿಕಾರಿಯಾದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯಿದೆಯಲ್ಲಿ ಸುಧಾರಣಾ ತೆರಿಗೆಯ ಲೆಕ್ಕ ಸ್ಪಷ್ಟವಾಗಿದೆ. ಯೋಜನೆಗೆ ಮುಂಚೆ ಜಾಗದ ಬೆಲೆ ಎಷ್ಟು, ಮುಗಿದ ದಿನ ಎಷ್ಟು ಎಂದು ಕಟ್ಟಡವನ್ನು ಬಿಟ್ಟು ಬರಿ ನೆಲಕ್ಕೆ ಲೆಕ್ಕ ಹಾಕಬೇಕು. ಹೆಚ್ಚಾದ ಮೊತ್ತದಲ್ಲಿ ಮೂರನೇ ಒಂದು ಪಾಲು ತೆರಿಗೆ. ಮುಂಚೆ 3 ಲಕ್ಷ ರೂಪಾಯಿ ಬಾಳುತ್ತಿದ್ದ ಜಾಗ ಆಮೇಲೆ 4.5 ಲಕ್ಷಕ್ಕೆ ಏರಿದರೆ ಹೆಚ್ಚಳ 1.5 ಲಕ್ಷ, ತೆರಿಗೆ 50,000. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ತೆರಿಗೆ ಇಲ್ಲ. ಆದರೆ ಯಾವ ಏರಿಕೆ ಬೀದಿಯಿಂದ ಬಂದದ್ದು, ಯಾವುದು ಕಾಲದ ಓಟದಿಂದ ತಾನಾಗಿ ಬಂದದ್ದು ಎಂದು ಬಿಡಿಸಿ ಹೇಳುವುದು ಯಾವ ಇಂಜಿನಿಯರಿಗೂ ಸುಲಭವಲ್ಲ. ಜೊತೆಗೆ ಮಾಲೀಕ ಜಾಗ ಮಾರಿರುವುದಿಲ್ಲ. ಬೆಲೆ ಏರಿದ್ದು ನಿಜವಾದರೂ ಅವನ ಕೈಯಲ್ಲಿ ಆ ದುಡ್ಡು ಇರುವುದಿಲ್ಲ.

ಮಲೆನಾಡಿನ ಪೇಟೆಗಳಿಗೆ ಇಂಥ ಮಂಡಳಿಗಳಿರಲಿಲ್ಲ. 1906ರ ಮೈಸೂರು ಮುನಿಸಿಪಲ್ ರೆಗ್ಯುಲೇಷನ್, ಆಮೇಲೆ 1933 ಮತ್ತು 1951ರ ಕಾಯಿದೆಗಳ ಅಡಿಯಲ್ಲಿ ಸಣ್ಣ ಪುರಸಭೆಗಳ ಮುಖ್ಯ ವರಮಾನ ಮನೆ ಕಂದಾಯ, ಸಂತೆ ಮತ್ತು ಮಾರುಕಟ್ಟೆಯ ಸುಂಕ, ಗಾಡಿಗಳ ಮೇಲಿನ ತೆರಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಆಕ್ಟ್ರಾಯ್. ಊರಿನ ಗಡಿಯ ನಾಕೆಯಲ್ಲಿ ಒಳಬರುವ ಸರಕಿಗೆ ತೆಗೆದುಕೊಳ್ಳುತ್ತಿದ್ದ ಈ ಸುಂಕ ಯಾರ ಹೆಸರಿಗೂ ನೋಟಿಸು ಹೊರಡಿಸದೆ ಬರುತ್ತಿದ್ದ ದುಡ್ಡು. 1940ರ ಹೊತ್ತಿಗೆ ರೈಲು ಸಾಗರವನ್ನು ದಾಟಿ ತಾಳಗುಪ್ಪ ಮುಟ್ಟಿತು. ತೀರ್ಥಹಳ್ಳಿಯಲ್ಲಿ ತುಂಗೆಗೆ ಕಮಾನಿನ ಸೇತುವೆ ಬಂದು ಆಚೆ ದಡದ ಕುರುವಳ್ಳಿ ಪೇಟೆಗೆ ಹತ್ತಿರವಾಯಿತು. ರೈಲು, ಸೇತುವೆ ಎರಡೂ ಅಕ್ಕಪಕ್ಕದ ಜಾಗಕ್ಕೆ ಬೆಲೆ ತಂದುಕೊಡುವ ಕೆಲಸಗಳೇ, ಎರಡರ ಖರ್ಚೂ ಸರ್ಕಾರದ ಬೊಕ್ಕಸದ್ದು. ವರ್ಷವಿಡೀ ಒಳಬರುವ ಲಾರಿ, ಗಾಡಿಗಳ ಸುಂಕದಿಂದ ಚರಂಡಿ ಕಟ್ಟಲು ಸಾಧ್ಯವಿದ್ದಾಗ ನೆರೆಮನೆಯವನ ಬೀದಿಮುಖವನ್ನು ಅಡಿಗೋಲು ಹಿಡಿದು ಅಳೆಯುವ ಮನಸ್ಸು ಚುನಾಯಿತ ಸದಸ್ಯರಿಗೆ ಬರುವುದು ಕಷ್ಟ. ಮತ ಕೇಳುವುದೂ ಅದೇ ಮನೆಯಲ್ಲಿ ತಾನೆ.

ರಾಜ್ಯಗಳ ಪುನರ್ವಿಂಗಡಣೆಯ ಬಳಿಕ ಐದು ಕಡೆಯ ಐದು ಬಗೆಯ ಮುನಿಸಿಪಲ್ ಕಾನೂನುಗಳನ್ನು ಒಂದು ಮಾಡಬೇಕಾಯಿತು. 1964ರ ಪುರಸಭೆಗಳ ಕಾಯಿದೆ ಆ ಕೆಲಸ ಮಾಡಿತು. ಮುಂಬಯಿ ಕಡೆಯ ಖಾಸಗಿ ಬೀದಿಯ ನಿಯಮ ಈ ದಾರಿಯಲ್ಲೇ ಸಾಗರ, ತೀರ್ಥಹಳ್ಳಿಗಳಿಗೂ ಬಂತು: ಖಾಸಗಿ ಬೀದಿಯನ್ನು ಸರಿಪಡಿಸುವಂತೆ ಅದರ ಬದಿಯ ಮಾಲೀಕರಿಗೆ ಹೇಳುವ ಅಧಿಕಾರ, ಸರಿಪಡಿಸಿದ ಮೇಲೆ ಅದನ್ನು ಸಾರ್ವಜನಿಕ ಬೀದಿ ಎಂದು ಸಾರುವ ಅಧಿಕಾರ. ಒಮ್ಮೆ ಸಾರ್ವಜನಿಕವಾದರೆ ಮುಂದಿನ ದುರಸ್ತಿ ಪುರಸಭೆಯದು. ಈ ಎರಡನೇ ಭಾಗವೇ ನಿಯಮದ ಜೀವ. ಮಾಲೀಕ ಕೊಡುವುದು ಒಂದೇ ಸಲ, ಪ್ರತಿಯಾಗಿ ಬೀದಿಯ ಹೊರೆಯಿಂದ ಅವನಿಗೆ ಶಾಶ್ವತ ಬಿಡುಗಡೆ. ಸುಮಾರು ಇದೇ ಹೊತ್ತಿಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ 1965ರಲ್ಲಿ ಜಾರಿಗೆ ಬಂತು. ನಗರ ಯೋಜನಾ ಸ್ಕೀಮಿನ ಖರ್ಚನ್ನು ಬೆಲೆ ಏರಿದ ನಿವೇಶನಗಳಿಂದಲೇ ವಂತಿಗೆಯಾಗಿ ಪಡೆಯುವ, ಮುಂಬಯಿಯ 1915ರ ಕಾಯಿದೆಯ ಉಪಾಯವೂ ಅದರಲ್ಲಿ ಇತ್ತು. ಗುಜರಾತಿನ ಊರುಗಳು ಈ ಉಪಾಯವನ್ನು ಚೆನ್ನಾಗಿ ಬಳಸಿದವು. ಕರ್ನಾಟಕ ಸ್ವಾಧೀನದ ದಾರಿಯನ್ನೇ ನೆಚ್ಚಿತು.

ಸ್ವಾಧೀನದ ದಾರಿಯಲ್ಲಿ ಲೆಕ್ಕ ಪೂರಾ ತಿರುವುಮುರುವು. ರಸ್ತೆ ಅಗಲ ಮಾಡಲು ಜಾಗ ಹೋದವನಿಗೆ ಸರ್ಕಾರವೇ ಪರಿಹಾರ ಕೊಡಬೇಕು. 1894ರ ಭೂಸ್ವಾಧೀನ ಕಾಯಿದೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ಸೂತ್ರವಿತ್ತು. ಒಬ್ಬನ ಜಾಗದಲ್ಲಿ ಹತ್ತು ಅಡಿ ರಸ್ತೆಗೆ ಹೋಗಿ, ಉಳಿದ ಜಾಗ ಅಗಲ ರಸ್ತೆಗೆ ಮುಖವಾಗಿ ಬೆಲೆ ಏರಿದರೆ, ಆ ಏರಿಕೆಯನ್ನು ಪರಿಹಾರದಲ್ಲಿ ಕಳೆಯುವಂತಿಲ್ಲ. ನ್ಯಾಯಾಲಯ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಸುಧಾರಣಾ ತೆರಿಗೆಯ ತತ್ವ ಮಾಲೀಕನ ಲಾಭದಲ್ಲಿ ಪಾಲು ಕೇಳುತ್ತಿದ್ದರೆ ಸ್ವಾಧೀನದ ಕಾಯಿದೆ ಆ ಲಾಭವನ್ನು ಕಣ್ಣೆತ್ತಿ ನೋಡಬೇಡ ಎನ್ನುತ್ತಿತ್ತು. ಸಾಗರದ ಬಿ.ಎಚ್. ರೋಡಿನಂಥ ಹೆದ್ದಾರಿ ಊರೊಳಗೆ ಅಗಲವಾಗುವಾಗ ಮಾತುಕತೆಯೆಲ್ಲ ಎಷ್ಟು ಅಡಿ ಹೋಗುತ್ತದೆ, ಎಷ್ಟು ಪರಿಹಾರ ಬರುತ್ತದೆ ಎಂಬುದರ ಸುತ್ತಲೇ ಸುತ್ತುವುದಕ್ಕೆ ಇದೂ ಕಾರಣ. ಮುಂಗಟ್ಟು ಕಳೆದುಕೊಂಡು ಹಿತ್ತಿಲೂ ಇಲ್ಲದ ಸಣ್ಣ ಅಂಗಡಿಯವನಿಗೆ ಆ ಪರಿಹಾರ ಕಡಿಮೆಯೇ. ಅವನ ಹಿಂದಿನ ಸಾಲಿನಲ್ಲಿದ್ದು ಇದ್ದಕ್ಕಿದ್ದಂತೆ ಹೆದ್ದಾರಿಗೆ ಮುಖವಾದವನು ಏನೂ ಕೊಡದೆ ಗೆದ್ದ.

1979ರಲ್ಲಿ ಕರ್ನಾಟಕದಲ್ಲಿ ಆಕ್ಟ್ರಾಯ್ ರದ್ದಾಯಿತು. ನಾಕೆಗಳಲ್ಲಿ ಲಾರಿ ಸಾಲು ನಿಲ್ಲುವುದು ತಪ್ಪಿತು, ವ್ಯಾಪಾರಿಗಳಿಗೆ ನೆಮ್ಮದಿಯಾಯಿತು. ಪುರಸಭೆಗಳಿಗೆ ಮಾತ್ರ ತಮ್ಮ ಕೈಯಲ್ಲಿದ್ದ ದೊಡ್ಡ ವರಮಾನ ಹೋಗಿ ಬದಲಿಗೆ ಸರ್ಕಾರದ ಅನುದಾನ ಬಂತು. ಸಣ್ಣ ಊರುಗಳ ಬೀದಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ. ಅಂದಿನಿಂದ ವಾರ್ಡಿನ ರಸ್ತೆಗೆ ಹಣ ತರುವುದೆಂದರೆ ಬೆಂಗಳೂರಿನಿಂದ ತರುವುದು ಎಂದಾಯಿತು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಎಂಬ ಶ್ರೇಣಿಗಳಾದವು. ಇಂದು ಹೊಸನಗರ, ತೀರ್ಥಹಳ್ಳಿ ಪಟ್ಟಣ ಪಂಚಾಯಿತಿಗಳು. ಜನಸಂಖ್ಯೆ 50,000 ದಾಟಿದ ಸಾಗರ ನಗರಸಭೆ. ಶ್ರೇಣಿ ಯಾವುದಾದರೂ ಬೀದಿಯ ಹಣ ಬರುವ ಬಾಗಿಲು ಒಂದೇ: ರಾಜ್ಯ ಹಣಕಾಸು ಆಯೋಗದ ಪಾಲು, ಕೇಂದ್ರ ಹಣಕಾಸು ಆಯೋಗದ ಅನುದಾನ, ಮುಖ್ಯಮಂತ್ರಿಗಳ ನಗರೋತ್ಥಾನ ಯೋಜನೆ, ಆಗೊಮ್ಮೆ ಈಗೊಮ್ಮೆ ಶಾಸಕರ ನಿಧಿ. ಕಾಂಕ್ರೀಟ್ ರಸ್ತೆಯ ಪಕ್ಕದಲ್ಲಿ ನಿಲ್ಲುವ ಕಲ್ಲಿನ ಮೇಲೆ ಅನುದಾನದ ಹೆಸರು, ಉದ್ಘಾಟಿಸಿದವರ ಹೆಸರು ಇರುತ್ತವೆ. ಬೀದಿಯ ಮನೆಗಳವರು ಅದಕ್ಕೆಂದು ಪ್ರತ್ಯೇಕವಾಗಿ ಕಟ್ಟಿದ್ದು ಏನೂ ಇರುವುದಿಲ್ಲವಾದ್ದರಿಂದ ಕೆಲಸ ಕಳಪೆಯಾದರೂ ಕೇಳುವ ದನಿ ಮೆತ್ತಗೆ.

ಮಾಲೀಕನ ಪಾಲು ಆಸ್ತಿ ತೆರಿಗೆಯ ಮೂಲಕ ಬರುತ್ತದಲ್ಲ ಎಂಬ ಮಾತಿದೆ. ಅದು ಅರ್ಧ ಸರಿ. 2002ಕ್ಕೆ ಮುಂಚೆ ಕಂದಾಯ ನಿಗದಿಯಾಗುತ್ತಿದ್ದದ್ದು ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ, ಅದನ್ನು ನಿರ್ಧರಿಸುತ್ತಿದ್ದವರು ಕಚೇರಿಯವರು. ಆಮೇಲೆ ಮಾಲೀಕನೇ ಲೆಕ್ಕ ಹಾಕಿ ಕಟ್ಟುವ ಸ್ವಯಂ ಘೋಷಣೆಯ ಪದ್ಧತಿ, ಮುಂದೆ ಬಂಡವಾಳ ಮೌಲ್ಯದ ಪದ್ಧತಿ ಬಂದವು. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ಇದಕ್ಕೆ ಆಧಾರ. ಬೀದಿ ಸುಧಾರಿಸಿದರೆ ಮಾರ್ಗಸೂಚಿ ದರ ಏರಬೇಕು, ದರ ಏರಿದರೆ ತೆರಿಗೆ ಏರಬೇಕು. ಹಾಗಾದರೆ ಸುಧಾರಣಾ ತೆರಿಗೆ ಬೇರೆ ಬೇಡ. ಆದರೆ ಬಹುಕಾಲ 2005–06ರ ದರವನ್ನೇ ಹಿಡಿದುಕೊಂಡು ಮೂರು ವರ್ಷಕ್ಕೊಮ್ಮೆ ಇಡೀ ಊರಿಗೆ ಒಂದೇ ಪ್ರಮಾಣದಲ್ಲಿ ಏರಿಸುತ್ತ ಬಂದದ್ದರಿಂದ ಹೊಸ ಕಾಂಕ್ರೀಟ್ ಕಂಡ ಬೀದಿಗೂ ಕೆಸರಿನ ಬೀದಿಗೂ ಏರಿಕೆ ಒಂದೇ ಆಯಿತು. 2021ರ ತಿದ್ದುಪಡಿ ತೆರಿಗೆಯನ್ನು ಮತ್ತೆ ಚಾಲ್ತಿ ದರಕ್ಕೆ ಜೋಡಿಸಿತು. ತೆರಿಗೆಯ ಮೇಲೆ ಬೀಳುವ ಸೆಸ್ಸುಗಳಾದರೋ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಮುಂದಿನ ಬೀದಿಗೆ ಎಂದು ಹೆಸರಿಟ್ಟ ಸೆಸ್ಸು ಇಲ್ಲ.

ಇತ್ತ ಊರಂಚಿನಲ್ಲಿ ಬೇರೆಯೇ ಲೆಕ್ಕ ಬೆಳೆಯುತ್ತಿತ್ತು. ಸಾಗರದ ಸೊರಬ ರಸ್ತೆ, ಜೋಗ ರಸ್ತೆಗಳ ಬದಿಯಲ್ಲಿ, ತೀರ್ಥಹಳ್ಳಿಯ ಸುತ್ತಲಿನ ಏರುಗಳಲ್ಲಿ ಗದ್ದೆ, ಹಕ್ಕಲುಗಳು ಸೈಟಾದವು. ಕ್ರಮದಂತೆ ಲೇಔಟ್ ಮಾಡುವವನು ಭೂಪರಿವರ್ತನೆ ಮಾಡಿಸಿ, ನಕ್ಷೆಗೆ ಒಪ್ಪಿಗೆ ಪಡೆದು, ರಸ್ತೆ, ಚರಂಡಿ, ನೀರು, ದೀಪ ಎಲ್ಲವನ್ನೂ ತನ್ನ ಖರ್ಚಿನಲ್ಲಿ ಮಾಡಬೇಕು. ರಸ್ತೆ ಮತ್ತು ಉದ್ಯಾನದ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಸೈಟುಗಳೂ ಕಾಮಗಾರಿ ಮುಗಿದಂತೆ ಕಂತು ಕಂತಾಗಿ ಬಿಡುಗಡೆಯಾಗುತ್ತವೆ. ಖರ್ಚೆಲ್ಲ ಸೈಟಿನ ಬೆಲೆಯಲ್ಲೇ ಸೇರಿಹೋಗುವುದರಿಂದ ಕೊಳ್ಳುವವನು ತನ್ನ ಬೀದಿಯ ಪೂರ್ತಿ ಖರ್ಚನ್ನು ಮೊದಲ ದಿನವೇ ಕೊಟ್ಟಿರುತ್ತಾನೆ. 1875ರ ಇಂಗ್ಲೆಂಡಿನ ನಿಯಮ ಇಲ್ಲಿ ಹೆಸರಿಲ್ಲದೆ, ಜಗಳವಿಲ್ಲದೆ ಜಾರಿಯಾಗಿದೆ ಎನ್ನಬೇಕು. ಬೇರೆ ಯಾವ ಕಾನೂನೂ ಇಷ್ಟು ಸಲೀಸಾಗಿ ಬೀದಿಯ ಹಣ ವಸೂಲು ಮಾಡಿದ್ದಿಲ್ಲ.

ಒಪ್ಪಿಗೆಯಿಲ್ಲದ ರೆವಿನ್ಯೂ ಸೈಟುಗಳಲ್ಲಿ ಹೀಗಲ್ಲ. ಎಕರೆ ಗದ್ದೆಯನ್ನು ಮೂವತ್ತು-ನಲವತ್ತರ ಅಳತೆಯಲ್ಲಿ ತುಂಡು ಮಾಡಿ, ನಡುವೆ ಹನ್ನೆರಡು ಅಡಿಯ ಮಣ್ಣಿನ ದಾರಿ ಬಿಟ್ಟು ಮಾರಿದವನು ಬೀದಿಗೆ ಕಾಸು ಹಾಕುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡವನು ಖಾತೆಗೆ ಹೋದಾಗ ಅಭಿವೃದ್ಧಿ ಶುಲ್ಕ ಎದುರಾಗುತ್ತದೆ. ಬೆಂಗಳೂರಿನಲ್ಲಿ ಇದಕ್ಕೆ ಬೆಟರ್‌ಮೆಂಟ್ ಚಾರ್ಜ್ ಎಂದೇ ರೂಢಿ. ಜಾಗದ ಅಳತೆಯ ಮೇಲೆ ಲೆಕ್ಕ. ಬೆಲೆ ಏರಿಕೆಯ ಅಂದಾಜೂ ಇಲ್ಲ, ಬೀದಿಮುಖದ ಅಡಿಯೂ ಇಲ್ಲ. ಹೆಸರು ಸುಧಾರಣೆಯದು, ಆದರೆ ಸುಧಾರಣೆ ಮೊದಲು ಆಗಿ ಆಮೇಲೆ ಹಣ ಕೇಳುವ ಹಳೆಯ ಕ್ರಮ ತಲೆಕೆಳಗಾಗಿ, ಹಣ ಮೊದಲು, ಬೀದಿ ಎಂದಾದರೂ ಎಂಬಂತಾಗಿದೆ. ಈ ದುಡ್ಡು ಅದೇ ಬೀದಿಗೆ ಖರ್ಚಾಗಬೇಕೆಂಬ ಕಟ್ಟು ಸಡಿಲವಾಗಿರುವುದೇ ಇದರ ದೊಡ್ಡ ದೋಷ.

ಇಂಥ ಸೈಟುಗಳನ್ನು ಒಮ್ಮೆಗೇ ಸಕ್ರಮ ಮಾಡುವ ಪ್ರಯತ್ನ 2007ರ ತಿದ್ದುಪಡಿಯಲ್ಲಿ ನಡೆಯಿತು. ನಿಯಮಗಳು 2014ರಲ್ಲಿ ಬಂದವು, 2016ರ ಕೊನೆಗೆ ಹೈಕೋರ್ಟ್ ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಕ್ರಮ ಸಕ್ರಮ ಅಲ್ಲಿಗೆ ನಿಂತಿತು. ಈ ನಡುವೆ ಖಾತೆಯಿಲ್ಲದ ಮನೆಗಳಿಂದ ತೆರಿಗೆಯೂ ಸರಿಯಾಗಿ ಬರದೆ, ಬ್ಯಾಂಕಿನ ಸಾಲವೂ ಸಿಗದೆ ಎರಡೂ ಕಡೆಗೆ ನಷ್ಟವಾಯಿತು. ಕೊನೆಗೆ ಪುರಸಭೆಗಳ ಕಾಯಿದೆಗೆ ತಿದ್ದುಪಡಿಯಾಗಿ, ಬೆಂಗಳೂರಿನಲ್ಲಿ ಬಳಕೆಯಲ್ಲಿದ್ದ ಬಿ ಖಾತೆಯನ್ನು 2025ರ ಫೆಬ್ರುವರಿಯಿಂದ ರಾಜ್ಯದ ಇತರ ಊರುಗಳಿಗೂ ವಿಸ್ತರಿಸಿ ಅಭಿಯಾನ ನಡೆಸಲಾಯಿತು. ಅದರಂತೆ ಅನಧಿಕೃತ ಆಸ್ತಿಯವರು ಮೊದಲ ಸಲ ದುಪ್ಪಟ್ಟು ತೆರಿಗೆ ಕಟ್ಟಿ ದಾಖಲೆಗೆ ಸೇರಬಹುದಾಗಿತ್ತು.

ಬಿ ಖಾತೆ ತೆರಿಗೆಯ ದಾಖಲೆ ಮಾತ್ರ. ಅದನ್ನು ಪಡೆದ ಮಾತ್ರಕ್ಕೆ ಲೇಔಟ್ ಸಕ್ರಮವಾಗುವುದಿಲ್ಲ, ಹನ್ನೆರಡು ಅಡಿಯ ಮಣ್ಣಿನ ದಾರಿ ಸಾರ್ವಜನಿಕ ಬೀದಿ ಎಂದೂ ಆಗುವುದಿಲ್ಲ. ಸೈಟು ಕೊಳ್ಳುವವರು ಮುಂಗಡ ಕೊಡುವ ಮೊದಲು ಒಪ್ಪಿಗೆಯಾದ ನಕ್ಷೆಯನ್ನೂ ರಸ್ತೆಯ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಪತ್ರವನ್ನೂ ಕೇಳಿ ನೋಡಬೇಕು.